ವಾಲ್ಟರ್ ಕೋವಿಗೆ ಟ್ರಿಗರ್ ಕೂರಿಸಿದ್ದು

ನಾವು ಅಮೆರಿಕಕ್ಕೆ ಹೋದದ್ದು ಬೆಲ್ಲ ಮಾಡುವುದನ್ನು ತೋರಿಸಲು. ಹಾಗಾಗಿ ಊರಿಗೆ ಬಂದ ಮೇಲೆ ಎಲ್ಲರೂ ಕೇಳುವುದು ಬೆಲ್ಲದ ವಿಷಯವನ್ನೇ. ಮದ್ದೂರಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರು, ಮಳವಳ್ಳಿಯ ನಮ್ಮ ಕಾಲೇಜಿನ ಸ್ಟಾಫ್ ರೂಮಿನವರು, ಗುತ್ತಲಿನ ನಮ್ಮ ಬೀದಿಗೆ ಹಾಲು ಹಾಕುವವನು ಕೂಡ, "ಬೆಲ್ಲ ಎಂಗಾಯ್ತು ಸಾ?" ಎನ್ನುತ್ತಾರೆ. ಬೆಲ್ಲ ಆಗಲಿಲ್ಲ. ಆದದ್ದು ಒಂದು ಕೋವಿ. ಬಸ್ಸು ಬರುವಷ್ಟರಲ್ಲಿ ಅದನ್ನು ವಿವರಿಸಿ ಮುಗಿಸಲು ಆಗುವುದಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಜಯಮ್ಮನಿಂದ ಶುರು ಮಾಡಬೇಕು. ಜಯಮ್ಮ ನನ್ನ ಹೆಂಡತಿಯ ಸೋದರತ್ತೆ. ಚಿಕ್ಕರಸಿನಕೆರೆಯ ಹತ್ತಿರ ಅವರದೊಂದು ಆಲೆಮನೆ ಇದೆ. ಗಂಡ ತೀರಿಕೊಂಡ ಮೇಲೆ ಗಾಣ, ಕೊಪ್ಪರಿಗೆ, ಆಳುಗಳು, ಆಳುಗಳ ಜಗಳ ಎಲ್ಲವನ್ನೂ ಒಬ್ಬರೇ ನಡೆಸಿಕೊಂಡು ಬಂದವರು. ಗಾಣ ಕೆಟ್ಟರೆ ಮದ್ದೂರಿನ ಮೆಕ್ಯಾನಿಕ್ಕು ಮನಸ್ಸು ಬಂದಾಗ ಬರುತ್ತಿದ್ದ. ಕಾದು ಕಾದು ರೋಸಿಹೋದ ಜಯಮ್ಮ ಒಂದು ದಿನ ಸ್ಪ್ಯಾನರನ್ನು ತಾವೇ ಹಿಡಿದರು. ಈಗ ಕಿರುಗಾವಲಿನ ಕಡೆಯ ಗಾಣ ನಿಂತರೂ ಫೋನು ಬರುವುದು ಇವರಿಗೇ. ಅಮೆರಿಕದ ಕೃಷಿ ವಿಜ್ಞಾನಿಯೊಬ್ಬರು ಮಂಡ್ಯಕ್ಕೆ ಬಂದಾಗ ಇವರ ಬೆಲ್ಲ ತಿಂದು ಕಣ್ಣು ಮುಚ್ಚಿಕೊಂಡರಂತೆ. ಕೆಂಟುಕಿ ಎಂಬ ರಾಜ್ಯದ ಗುಡ್ಡಗಾಡಿನಲ್ಲಿ ಸಿಹಿಜೋಳ ಬೆಳೆದು, ಅದರ ದಂಟನ್ನು ಕಬ್ಬಿನಂತೆ ಹಿಂಡಿ, ರಸ ಕಾಯಿಸಿ ಪಾಕ ಮಾಡುವ ರೈತರಿದ್ದಾರೆ. ಅವರಿಗೆ ಅಚ್ಚುಬೆಲ್ಲ ಮಾಡುವುದನ್ನು ತೋರಿಸಿಕೊಡಬೇಕು ಎಂದು ಕರೆ ಬಂತು.

"ನಂಗೆ ಬರೋ ಇಂಗ್ಲೀಸು ಟೈಮೆಷ್ಟು ಅನ್ನೋದು, ಅಷ್ಟೇಯ. ನಮ್ಮ ಲೆಚ್ಚರ್ ಮೇಷ್ಟ್ರನ್ನ ಕಳ್ಸಿ, ಓಯ್ತೀನಿ," ಎಂದರು ಜಯಮ್ಮ.

ಲೆಚ್ಚರ್ ಮೇಷ್ಟ್ರು ಅಂದರೆ ನಾನು. ಇಪ್ಪತ್ತೆರಡು ವರ್ಷದಿಂದ ಇಂಗ್ಲಿಷ್ ಪಾಠ ಹೇಳುತ್ತಿದ್ದೇನೆ. ಯಾರ ಮನಸ್ಸೂ ನೋಯದಂತೆ ಮಾತಾಡುವುದು ನನ್ನ ಹುಟ್ಟುಗುಣ. ಎಲ್ಲ ವಿಷಯದಲ್ಲೂ ಫೇಲಾದ ಹುಡುಗನಿಗೆ, "ನಿನ್ನಲ್ಲಿ ಇನ್ನೂ ಬೆಳವಣಿಗೆಗೆ ಅವಕಾಶವಿದೆ," ಎನ್ನುವವನು ನಾನು. ಮಂಡ್ಯದಲ್ಲಿ ಹುಟ್ಟಿಯೂ ಈ ಮನುಷ್ಯ ಹೀಗೇಕಾದ ಎಂದು ನನ್ನ ಹೆಂಡತಿಗೆ ಇವತ್ತಿಗೂ ಆಶ್ಚರ್ಯ.

ಸೋಮವಾರ: ಇಟ್ಟು ಮತ್ತು ಹಿಟ್

ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಜಯಮ್ಮನ ಪೆಟ್ಟಿಗೆ ತೆರೆದು ಬೆಲ್ಲದ ಅಚ್ಚೊಂದನ್ನು ಎತ್ತಿ ಹಿಡಿದು ಇದೇನು ಎಂದ. 

"ತಿಂದು ನೋಡ್ಲಿ ಅನ್ನಿ," ಎಂದರು ಜಯಮ್ಮ.

ನಾನು ಅದನ್ನು, "ಇದು ಸಂಸ್ಕರಿಸದ, ಪಾರಂಪರಿಕವಾದ ಒಂದು ಸಿಹಿ ಪದಾರ್ಥ, ತಮಗೆ ತೊಂದರೆಯಾಗಿದ್ದರೆ ಕ್ಷಮೆ ಇರಲಿ," ಎಂದು ಅನುವಾದಿಸಿದೆ. ಕ್ಷಮೆ ಕೇಳಿದ್ದೇ ತಪ್ಪಾಯಿತು. ಅವನ ಹುಬ್ಬು ಮೇಲೆ ಹೋಯಿತು, ಇನ್ನಿಬ್ಬರು ಬಂದರು, ಒಂದು ಯಂತ್ರ ಬಂತು. ಕೊನೆಗೆ ಜಯಮ್ಮ ಅಚ್ಚಿನ ಮೂಲೆಯೊಂದನ್ನು ಪಟ್ಟೆಂದು ಮುರಿದು ಬಾಯಿಗೆ ಹಾಕಿಕೊಂಡು ಅವನ ಮುಖ ನೋಡುತ್ತ ಅಗಿದರು. ಬಿಟ್ಟುಬಿಟ್ಟ.

ನಮ್ಮನ್ನು ಕರೆದೊಯ್ಯಲು ಬಂದಿದ್ದವರು ಡಾರತಿ. ಎಪ್ಪತ್ತರ ಹತ್ತಿರದ, ಗಟ್ಟಿ ಕೈಗಳ ಹೆಂಗಸು. ಅವರೇ ಸಿಹಿಜೋಳದ ಪಾಕ ಮಾಡುವವರು. ನಾವು ಉಳಿಯಬೇಕಾದದ್ದು ಅವರ ಮನೆಯಲ್ಲೇ. ಎರಡು ಗುಡ್ಡಗಳ ನಡುವಿನ ಇಕ್ಕಟ್ಟು ಕಣಿವೆಯಲ್ಲಿ ಮನೆ. ದಾರಿಯಲ್ಲಿ ಎದುರಾದ ಪ್ರತಿ ಗಾಡಿಯವನೂ ಸ್ಟೀರಿಂಗಿನಿಂದ ಒಂದೇ ಒಂದು ಬೆರಳು ಎತ್ತಿ ನಮಸ್ಕಾರ ಹೇಳುತ್ತಿದ್ದ. "ಎಲ್ಲಾ ನೆಂಟ್ರಾ?" ಎಂದು ಜಯಮ್ಮ ಕೇಳಿದರು. ಅಲ್ಲ, ಯಾರೋ ಗೊತ್ತಿಲ್ಲ ಎಂದರು ಡಾರತಿ. "ಗೊತ್ತಿಲ್ದೋರ್ಗೆ ಬೆಳ್ಳು ಯಾಕೆ ತೋರ್ಸದು," ಎಂದು ಗೊಣಗಿದ ಜಯಮ್ಮ, ಮೂರನೇ ದಿನದ ಹೊತ್ತಿಗೆ ತಾವೂ ಕಿಟಕಿಯಿಂದ ಬೆರಳು ಎತ್ತತೊಡಗಿದ್ದರು.

ಜಗಲಿಯ ಮೇಲೆ ಡಾರತಿಯ ಗಂಡ ವಾಲ್ಟರ್ ಕಾಯುತ್ತಿದ್ದರು. ಎತ್ತರದ ಆಳು. ಶಾಲೆಯ ಬಸ್ಸು ಓಡಿಸಿ ನಿವೃತ್ತರಾದವರು. ನಮ್ಮನ್ನು ನೋಡಿ ಅವರು ಮೊದಲು ಹೇಳಿದ ಮಾತು, "ಹಿಟ್ ಈಸ್ ರೆಡಿ."

ಜಯಮ್ಮನ ಮುಖ ಅರಳಿತು. "ಇಟ್ಟು ಮಾಡವ್ರಾ? ನೋಡಿ ಮೇಷ್ಟ್ರೇ, ಇಲ್ಲೂ ಇಟ್ಟು!"

ನಮ್ಮ ರಾಗಿ ಮುದ್ದೆಯ ಇಟ್ಟೂ ಇರಲಿಲ್ಲ, ಸಾರೂ ಇರಲಿಲ್ಲ. ಆ ಗುಡ್ಡಗಾಡಿನ ಹಿರಿಯರು ಇಂಗ್ಲಿಷಿನ 'ಇಟ್' ಎನ್ನುವುದನ್ನು 'ಹಿಟ್' ಎನ್ನುತ್ತಾರೆ. ಊಟ ರೆಡಿ ಎಂದಷ್ಟೇ ಅವರು ಹೇಳಿದ್ದು. ನಾವು ಹಿಟ್ಟನ್ನು ಇಟ್ಟು ಎನ್ನುತ್ತೇವೆ, ಅವರು ಇಟ್ಟನ್ನು ಹಿಟ್ಟು ಎನ್ನುತ್ತಾರೆ. ಮಂಡ್ಯ ಜಿಲ್ಲೆಯವರು ತಲತಲಾಂತರದಿಂದ ಉದುರಿಸಿಕೊಂಡು ಬಂದ ಹಕಾರಗಳೆಲ್ಲ ಎಲ್ಲಿಗೆ ಹೋದವು ಎಂಬುದು ನನಗೆ ಅವತ್ತು ತಿಳಿಯಿತು.

ಮಂಗಳವಾರ: ಅಚ್ಚಿಗೆ ಬಾರದ ಬೆಲ್ಲ

ಬೆಲ್ಲದ ಪ್ರದರ್ಶನಕ್ಕೆ ಸುತ್ತಲಿನ ಇಪ್ಪತ್ತು ಮೂವತ್ತು ರೈತರು ಮಡಚುವ ಕುರ್ಚಿಗಳನ್ನು ತಾವೇ ಹೊತ್ತು ತಂದಿದ್ದರು. ಕುರ್ಚಿ ಮನೆಯಿಂದ ತರುವ ಸಭಿಕರನ್ನು ನಾನು ನೋಡಿದ್ದು ಅದೇ ಮೊದಲು. ನಮ್ಮಲ್ಲಿ ಸಭೆಯಿಂದ ಕುರ್ಚಿ ಮನೆಗೆ ಹೋಗದಂತೆ ನೋಡಿಕೊಳ್ಳುವುದೇ ಒಂದು ಕೆಲಸ.

ಜಯಮ್ಮ ಸೆರಗು ಸಿಕ್ಕಿಸಿ ನಿಂತರು. ರಸ ಕಾಯಿತು, ಮಡ್ಡಿ ತೆಗೆದರು, ಉಕ್ಕಿತು, ಇಳಿಯಿತು, ಪಾಕದ ಹದ ನೋಡಿದರು. ಕಬ್ಬಿನ ರಸವಾಗಿದ್ದರೆ ಅಷ್ಟು ಹೊತ್ತಿಗೆ ಗಟ್ಟಿಯಾಗಬೇಕಿತ್ತು. ಇದು ಆಗಲಿಲ್ಲ. ಇನ್ನಷ್ಟು ಕಾಯಿಸಿದರು. ಅಚ್ಚಿಗೆ ಸುರಿದರು. ಒಂದು ಗಂಟೆ ಕಾದು ಅಚ್ಚು ಮಗುಚಿದರೆ ಬೆಲ್ಲ ಬೀಳುವುದರ ಬದಲು ನಿಧಾನವಾಗಿ ಹರಿದು ಬಂದು ಮುಂದಿನ ಸಾಲಿನಲ್ಲಿದ್ದ ನಾಯಿಯ ಬಾಲಕ್ಕೆ ಅಂಟಿಕೊಂಡಿತು. ಸಿಹಿಜೋಳದ ರಸದ ಸಕ್ಕರೆಯೇ ಬೇರೆ ಜಾತಿಯದಂತೆ, ಸುಲಭಕ್ಕೆ ಗಟ್ಟಿಯಾಗುವುದಿಲ್ಲವಂತೆ. ಇದನ್ನು ಡಾರತಿ ಬಹಳ ನಾಜೂಕಾಗಿ ಆಮೇಲೆ ಹೇಳಿದರು. ಸಭಿಕರು ಚಪ್ಪಾಳೆ ತಟ್ಟಿ, ತುಂಬ ಕುತೂಹಲಕಾರಿಯಾಗಿತ್ತು ಎಂದು ಹೇಳಿ, ಕುರ್ಚಿ ಮಡಚಿಕೊಂಡು ಹೋದರು.

"ಏನಂದ್ರು?" ಎಂದರು ಜಯಮ್ಮ.

"ತುಂಬ ಚೆನ್ನಾಗಿತ್ತು ಅಂದರು."

"ಸುಳ್ಳು ಯೋಳ್ಬೇಡಿ. ನಾಯಿ ಮೈಗೆ ಮೆತ್ಕೊಂಡೈತೆ, ಚೆನ್ನಾಗಿತ್ತು ಅಂತೆ! ಸಾವ್ರಾರು ಮೈಲಿ ಬಂದು ಮಾನ ಕಳ್ಕೊಂಡೆ ಕಣಪ್ಪ."

ಜಯಮ್ಮ ಹಾಗೆ ಕುಗ್ಗಿದ್ದನ್ನು ನಾನು ನೋಡಿರಲಿಲ್ಲ. ಮನೆಯ ಹಿಂದಕ್ಕೆ ನಡೆದರು. ಅಲ್ಲೊಂದು ಹಲಗೆಯ ಶೆಡ್ಡು. ಬಾಗಿಲು ತೆರೆದಿತ್ತು. ಒಳಗೆ ವಾಲ್ಟರ್, ಬೆಂಚಿನ ಮೇಲೆ ಒಂದು ಕೋವಿಯ ಬಿಡಿಭಾಗಗಳನ್ನು ಹರಡಿಕೊಂಡು, ಜಯಮ್ಮನಷ್ಟೇ ಬೇಸರದ ಮುಖ ಹೊತ್ತು ಕೂತಿದ್ದರು.

ಅದು ನಳಿಗೆಯ ಬಾಯಿಂದ ಮದ್ದು, ಗುಂಡು ತುಂಬಿ, ಗಜ ಎಂಬ ಉದ್ದನೆಯ ಸಲಾಕೆಯಿಂದ ಗಿಡಿದು ಹೊಡೆಯುವ ಹಳೇ ಕಾಲದ ಕೋವಿ. ಅಲ್ಲಿ ಅಂಥ ಕೋವಿಗಳನ್ನು ಬಿಡಿ ಸಾಮಾನುಗಳಾಗಿ ಪೆಟ್ಟಿಗೆಯಲ್ಲಿ ಮಾರುತ್ತಾರೆ. ಅರ್ಧ ಕೆತ್ತಿದ ಮರ, ನಳಿಗೆ, ಕಬ್ಬಿಣದ ತುಂಡುಗಳು; ಉಳಿದದ್ದನ್ನು ಕೊಂಡವನೇ ಉಜ್ಜಿ, ಕೆತ್ತಿ, ಕೂರಿಸಿಕೊಳ್ಳಬೇಕು. ಗಂಡ ನಿವೃತ್ತರಾದಾಗ ಡಾರತಿ ಅದನ್ನು ಉಡುಗೊರೆ ಕೊಟ್ಟಿದ್ದರು. ವರ್ಷಕ್ಕೊಮ್ಮೆ, ಈ ಕಾಲದಲ್ಲಿ, ಊರಿನ ಕೋವಿ ಕ್ಲಬ್ಬಿನವರು ಒಂದು ಶನಿವಾರ ಸೇರಿ ಗುರಿ ಹೊಡೆಯುತ್ತಾರೆ. ತನ್ನ ಕೈಯಾರೆ ಮಾಡಿದ ಕೋವಿಯನ್ನು ಮಾತ್ರ ತರಬೇಕು ಎಂಬುದು ಅವರ ನಿಯಮ. ವಾಲ್ಟರ್ ಮೂರು ವರ್ಷದಿಂದ ಅಲ್ಲಿಗೆ ಹೋಗಿ ನಿಂಬೆ ಪಾನಕ ಹಂಚಿ ಬರುತ್ತಿದ್ದರು. ಏಕೆಂದರೆ ಕೋವಿ ಟ್ರಿಗರಿನ ಹತ್ತಿರ ಬಂದು ನಿಂತುಬಿಟ್ಟಿತ್ತು. ಈ ಸಲದ ಶನಿವಾರಕ್ಕೆ ನಾಲ್ಕೇ ದಿನ ಉಳಿದಿತ್ತು.

ಜಯಮ್ಮ ಕಣ್ಣು ಕಿರಿದು ಮಾಡಿ ನೋಡಿದರು. ಅವರ ಅಪ್ಪನ ಹತ್ತಿರ ಇಂಥದೇ, ಕೇಪು ಸಿಡಿದು ಮದ್ದು ಹತ್ತುವ ಕೋವಿ ಇತ್ತು. ಕಬ್ಬಿನ ಗದ್ದೆಗೆ ಹಂದಿ ಬಂದರೆ ಹೆದರಿಸಲು ಲೈಸೆನ್ಸು ಪಡೆದದ್ದು. "ನಾನು ನೋಡ್ಬೋದಾ ಅಂತ ಕೇಳಿ," ಎಂದರು.

ನಾನು ಕೇಳಿದೆ. ವಾಲ್ಟರ್ ನಿಧಾನವಾಗಿ ಹೇಳಿದರು: "ಐ ಡೋಂಟ್ ಕೇರ್ ಟು."

ನನಗೆ ತಿಳಿದ ಇಂಗ್ಲಿಷಿನಲ್ಲಿ ಅದಕ್ಕೆ ಅರ್ಥ, ನನಗೆ ಇಷ್ಟವಿಲ್ಲ. ಜಯಮ್ಮನಿಗೆ ಅದನ್ನು, "ಈಗ ಅವರಿಗೆ ಸ್ವಲ್ಪ ಕೆಲಸವಿದೆಯಂತೆ," ಎಂದು ಮೆತ್ತಗೆ ದಾಟಿಸಿದೆ. ಜಯಮ್ಮ ಗಕ್ಕನೆ ತಿರುಗಿ ಹೊರನಡೆದರು. ಹಿಂದೆ ವಾಲ್ಟರ್ ಕುರ್ಚಿ ಎಳೆದು ಜಾಗ ಮಾಡುತ್ತಿದ್ದವರು ಪೆಚ್ಚಾಗಿ ನಿಂತರು.

ಊಟದ ಹೊತ್ತಿಗೆ ಡಾರತಿ ನನ್ನನ್ನು ಕೇಳಿದರು. "ನಿಮ್ಮ ಅತ್ತೆಗೆ ಕೋವಿ ನೋಡಲು ಯಾಕೆ ಮನಸ್ಸಾಗಲಿಲ್ಲ? ನೋಡಲಿ ಎಂದು ವಾಲ್ಟರ್ ಅಷ್ಟು ಸಂತೋಷದಿಂದ ಹೇಳಿದನಂತೆ!"

ಆ ಗುಡ್ಡಗಾಡಿನಲ್ಲಿ 'ಐ ಡೋಂಟ್ ಕೇರ್ ಟು' ಅಂದರೆ, ಧಾರಾಳವಾಗಿ, ನನ್ನದೇನೂ ಅಭ್ಯಂತರವಿಲ್ಲ ಎಂದು. ಇಪ್ಪತ್ತೆರಡು ವರ್ಷ ಇಂಗ್ಲಿಷ್ ಕಲಿಸಿದವನು ನಾನು. ತಲೆ ತಗ್ಗಿಸಿಕೊಂಡು ಬಟಾಣಿ ತಿಂದೆ.

ಬುಧವಾರ: ಆತುರವಿಲ್ಲ

ಬೆಳಿಗ್ಗೆ ಜಯಮ್ಮ ಶೆಡ್ಡಿಗೆ ಹೋಗಿ ಕೋವಿಯನ್ನು ತೊಡೆಯ ಮೇಲೆ ಮಗುಚಿ ಮಲಗಿಸಿಕೊಂಡು ಪರೀಕ್ಷೆ ಮಾಡಿದರು.

ಓದುವವರಿಗೆ ಇಷ್ಟು ತಿಳಿದರೆ ಸಾಕು. ಕೋವಿಯ ಪಕ್ಕದಲ್ಲಿ ಎತ್ತಿ ನಿಲ್ಲಿಸುವ ಸುತ್ತಿಗೆ ಇರುತ್ತದೆ. ನಮ್ಮ ಕಡೆ ಅದನ್ನು ಕುದುರೆ ಎನ್ನುತ್ತಾರೆ. ಕುದುರೆಯನ್ನು ಹಿಡಿದು ನಿಲ್ಲಿಸುವ ಒಂದು ಪುಟ್ಟ ನಾಲಿಗೆ ಮರದ ಒಳಗೆ ಚಾಚಿಕೊಂಡಿರುತ್ತದೆ. ಟ್ರಿಗರನ್ನು ಒಂದು ಕಬ್ಬಿಣದ ಪಟ್ಟಿಗೆ ಸಿಕ್ಕಿಸಿ, ಕೋವಿಯ ಹೊಟ್ಟೆಯ ಕೆಳಗೆ ಮರ ಕೆತ್ತಿ ಆ ಪಟ್ಟಿಯನ್ನು ಕೂರಿಸಬೇಕು. ಪಟ್ಟಿ ಸಾಕಷ್ಟು ಒಳಗೆ ಹೋಗದಿದ್ದರೆ ಟ್ರಿಗರು ನಾಲಿಗೆಗೆ ಎಟುಕುವುದೇ ಇಲ್ಲ. ಹೆಚ್ಚು ಒಳಗೆ ಹೋದರೆ ಅದು ನಾಲಿಗೆಯನ್ನು ಸದಾ ಒತ್ತಿಕೊಂಡೇ ಇರುತ್ತದೆ. ಆಗ ಕುದುರೆ ನಿಲ್ಲುವುದಿಲ್ಲ. ಮುಟ್ಟಿಯೂ ಮುಟ್ಟದ ಹಾಗೆ ಇರಬೇಕು. ವಾಲ್ಟರ್ ಕೋವಿಯಲ್ಲಿ ಟ್ರಿಗರು ಎಟುಕುತ್ತಿರಲಿಲ್ಲ.

"ಇದೇನ್ ಮಹಾ. ಗಾಣದ ಬುಷ್ಷು ಕೂರ್ಸೋ ಅಂಗೇಯ," ಎಂದರು ಜಯಮ್ಮ. ಪಾಕದ ಒಲೆಯಿಂದ ಒಂದು ಚಿಟಿಕೆ ಮಸಿ ತಂದು ಎಣ್ಣೆಯಲ್ಲಿ ಕಲಸಿ ಪಟ್ಟಿಯ ಬೆನ್ನಿಗೆ ಸವರಿದರು. ಮರದ ಗುಂಡಿಯಲ್ಲಿ ಒತ್ತಿ ತೆಗೆದರು. ಮರ ಎಲ್ಲಿ ಉಬ್ಬಿದೆಯೋ ಅಲ್ಲಿ ಮಾತ್ರ ಕಪ್ಪು ಹತ್ತಿತ್ತು. ಕಪ್ಪಾದಷ್ಟನ್ನು ಉಳಿಯಿಂದ ಹೆರೆಯುವುದು, ಮತ್ತೆ ಮಸಿ, ಮತ್ತೆ ಒತ್ತುವುದು. ವಾಲ್ಟರ್ ಬೆರಗಾಗಿ ಸಿಳ್ಳೆ ಹಾಕಿದರು. ನಿಮ್ಮ ಊರು ಯಾವುದು ಎಂದರು. ಮದ್ದೂರಿನ ಹತ್ತಿರ ಎಂದೆ. ಹಾಗೆಂದರೇನು ಎಂದರು. ಮದ್ದಿನ ಊರು ಅನ್ನಬಹುದು, ಕೋವಿಮದ್ದು ಇರುತ್ತದಲ್ಲ, ಅದು ಎಂದೆ. ಅವರು ಜಯಮ್ಮನನ್ನು ನೋಡಿದ ದೃಷ್ಟಿಯೇ ಬದಲಾಯಿತು.

ಆದರೆ ಜಯಮ್ಮ ಉಳಿಯನ್ನು ಮುಟ್ಟಲಿಲ್ಲ. "ಅವ್ರ ಕೋವಿ, ಅವ್ರೇ ಮಾಡ್ಲಿ," ಎಂದರು.

ವಾಲ್ಟರ್ ಉಳಿ ಎತ್ತಿಕೊಂಡಾಗ ನಾನು ಮೊದಲ ಸಲ ಗಮನಿಸಿದೆ: ಅವರ ಬಲಗೈ ನಡುಗುತ್ತಿತ್ತು. ಎರಡು ವರ್ಷದಿಂದ ಹೀಗಂತೆ. ಮನೆಯಲ್ಲಿ ಕಾಫಿಯ ಲೋಟವನ್ನು ಡಾರತಿ ಅವರ ಕೈಗೆ ಕೊಡದೆ ಮೇಜಿನ ಮೇಲಿಡುವುದು, ಪಕ್ಕದ ಮನೆಯವರು ಸೌದೆ ತಾವೇ ಹೊತ್ತು ತರುವುದು ಏಕೆಂದು ತಿಳಿಯಿತು. ಯಾರೂ ಆ ಕೈಯ ಬಗ್ಗೆ ಮಾತಾಡುತ್ತಿರಲಿಲ್ಲ.

ಮಧ್ಯಾಹ್ನಕ್ಕೆ ಮುಂಚೆ ಡಾರತಿ ಜಯಮ್ಮನನ್ನು ಸಿಹಿಜೋಳದ ಹೊಲಕ್ಕೆ ಕರೆದರು. ಹೊರಡುವ ಮೊದಲು ಜಯಮ್ಮ ನನಗೆ ಹೇಳಿದರು: "ಇನ್ನ ಎರಡು ಸಲ ಮಸಿ, ಎರಡು ಸಲ ಎರೆಯೋದು. ಅಷ್ಟೇಯ. ಮೂರ್ನೇ ಸಲ ಉಳಿ ಮುಟ್ಟಿದ್ರೆ ಕೈ ಮುರೀತೀನಿ ಅಂತ ಯೋಳಿ."

ನಡುಗುವ ಕೈಯವರಿಗೆ ಕೈ ಮುರಿಯುತ್ತೇನೆ ಎಂದು ಹೇಗೆ ಹೇಳಲಿ? ನಾನು ಹೇಳಿದ್ದು ಇದು: "ಜಯಮ್ಮನವರಿಗೆ ನಿಮ್ಮ ಕೆಲಸ ತುಂಬ ಹಿಡಿಸಿದೆ. ಇನ್ನೊಂದೆರಡು ಸಲ ಮಾಡಬಹುದು. ಆತುರವಿಲ್ಲ. ನಿಮಗೆ ಸರಿ ಕಾಣುವವರೆಗೆ ಮಾಡಿ."

ಹೇಳಿ, ಹೊರಗೆ ಬಿಸಿಲಿನಲ್ಲಿ ಕುರ್ಚಿ ಹಾಕಿಕೊಂಡು ಪತ್ರಿಕೆ ಓದುತ್ತ ಕೂತೆ. ಒಳಗಿಂದ ಹೆರೆಯುವ ಸದ್ದು ಬರುತ್ತಿತ್ತು. ಹಿತವಾದ ಸದ್ದು. ಒಂದು ಗಂಟೆಯಾಯಿತು, ಎರಡು ಗಂಟೆಯಾಯಿತು. ಎಷ್ಟು ಶ್ರದ್ಧೆಯ ಮನುಷ್ಯ ಎಂದುಕೊಂಡೆ.

ಮೂರು ಗಂಟೆಗೆ ಜಯಮ್ಮ ಬಂದು ಕೋವಿ ಎತ್ತಿಕೊಂಡರು. ಕುದುರೆಯನ್ನು ಹಿಂದಕ್ಕೆ ಎಳೆದು ಬಿಟ್ಟರು. ಟಕ್. ಬಿದ್ದುಹೋಯಿತು. ಮತ್ತೆ ಎಳೆದರು. ಟಕ್.

"ಕುದ್ರೆ ನಿಲ್ತಿಲ್ಲ!" ಎಂದು ಕೂಗಿದರು.

ಗಾಬರಿಯಲ್ಲಿ ನಾನು ಅದನ್ನು ಅಕ್ಷರಶಃ ಅನುವಾದಿಸಿದೆ. ವಾಲ್ಟರ್ ಕಿಟಕಿಯ ಹತ್ತಿರ ಹೋಗಿ ಹೊರಗೆ ನೋಡಿ, "ನಮ್ಮಲ್ಲಿ ಕುದುರೆಯೇ ಇಲ್ಲವಲ್ಲ," ಎಂದರು.

ಬೇರೆ ಸಮಯದಲ್ಲಾಗಿದ್ದರೆ ನಗುತ್ತಿದ್ದೆವು. ಪಟ್ಟಿ ಮರದೊಳಗೆ ತೀರಾ ಆಳಕ್ಕೆ ಇಳಿದಿತ್ತು. ಸಂಗತಿ ತಿಳಿದ ವಾಲ್ಟರ್ ಮುಖ ಬಿಳಿಚಿಕೊಂಡಿತು. ಅವರು ಯಾರನ್ನೂ ದೂರಲಿಲ್ಲ. ತಮ್ಮ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು, "ಇದರ ತಪ್ಪು," ಎಂದರು. "ಪಾನಕ ಹಂಚುವುದಕ್ಕೇ ಇದು ಲಾಯಕ್ಕು." ಉಳಿಗಳನ್ನು ಒಂದೊಂದಾಗಿ ಒರೆಸಿ ಚರ್ಮದ ಚೀಲದಲ್ಲಿಟ್ಟು ಚೀಲದ ದಾರ ಕಟ್ಟಿದರು.

ಜಯಮ್ಮ ನನ್ನ ಕಡೆ ನೋಡಿದರು. "ಎರಡೇ ಸಲ ಅಂದಿದ್ದೆ. ನೀವು ಯೋಳಿದ್ರಾ?"

"ಹೇಳಿದೆ," ಎಂದೆ. ಸುಳ್ಳೇನೂ ಅಲ್ಲ. ಆದರೆ ಅವತ್ತು ಡಾರತಿ ಪ್ರೀತಿಯಿಂದ ಮಾಡಿದ್ದ ಸೇಬಿನ ಕಡುಬನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ.

ಗುರುವಾರ: ಇದ್ದದ್ದು ಇದ್ದ ಹಾಗೆ

ಬೆಳಿಗ್ಗೆ ಜಗಲಿಯಲ್ಲಿ ನಾಲ್ವರೂ ಕಾಫಿ ಕುಡಿಯುತ್ತಿದ್ದಾಗ ನಾನು ಲೋಟ ಕೆಳಗಿಟ್ಟು ಎದ್ದು ನಿಂತೆ. ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ, ನಡೆದದ್ದನ್ನು ಒಪ್ಪಿಸಿದೆ. ತಪ್ಪು ಕೈಯದಲ್ಲ, ನನ್ನ ನಾಲಿಗೆಯದು ಎಂದೆ.

ಜಯಮ್ಮ ಬಯ್ದರು. ಏನು ಬಯ್ದರು ಎಂಬುದನ್ನು ಬರೆಯುವ ಹಾಗಿಲ್ಲ. ನನಗೆ ಹೆಣ್ಣು ಕೊಟ್ಟ ತಮ್ಮ ತವರಿನವರ ಬುದ್ಧಿಯ ವಿಷಯವೂ ಅದರಲ್ಲಿ ಬಂದಿತ್ತು. ಬಯ್ಗುಳ ಮುಗಿದ ಮೇಲೆ ವಾಲ್ಟರ್ ಕೇಳಿದರು: "ನಿಜವಾಗಿ ಅವರು ಏನು ಹೇಳಿದ್ದರು?"

ಇನ್ನು ಮುಚ್ಚಿಟ್ಟು ಫಲವಿರಲಿಲ್ಲ. "ಮೂರನೇ ಸಲ ಉಳಿ ಮುಟ್ಟಿದರೆ ನಿಮ್ಮ ಕೈ ಮುರಿಯುತ್ತೇನೆ ಅಂದಿದ್ದರು," ಎಂದೆ.

ವಾಲ್ಟರ್ ಜಯಮ್ಮನ ಕಡೆ ತಿರುಗಿ ನೋಡಿದರು. ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು. ನಕ್ಕು ನಕ್ಕು ಕಣ್ಣೊರೆಸಿಕೊಂಡು ಹೇಳಿದರು: "ಎರಡು ವರ್ಷದಿಂದ ಎಲ್ಲರೂ ಈ ಕೈಗೆ ಮರುಕ ತೋರಿಸುತ್ತಾರೆ. ಮುರಿಯುತ್ತೇನೆ ಎಂದವರು ಇವರೊಬ್ಬರೇ. ಮುರಿಯಲು ಯೋಗ್ಯವಾದ ಕೈ ಇನ್ನೂ ಇದೆ ಎಂದಾಯಿತು."

ನಾನು ಅದನ್ನು ಜಯಮ್ಮನಿಗೆ ಹೇಳಿದೆ. ಅವರು, "ಕೈ ನಡುಗ್ತದೆ, ನಡುಗ್ಲಿ ಬುಡಿ," ಎಂದರು. "ನಮ್ ಭಾವನ ಕೈನೂ ನಡುಗ್ತಿತ್ತು. ಕೊನೇಗಂಟ ಅವ್ರೇ ಕೊಪ್ಪರಿಗೆ ಇಳುಸ್ತಿದ್ರು. ಏಳಿ ವಾಲ್ಟ್ರಣ್ಣ. ಮೇಷ್ಟ್ರೇ, ಇವತ್ತಿಂದ ನಾನು ಅಂದಿದ್ನ ಅಂದಂಗೇ ಯೋಳ್ಬೇಕು. ಸಕ್ರೆ ಸವ್ರಿದ್ರೆ ನಿಮ್ ಕೈ ಮುರೀತೀನಿ."

ಮತ್ತೆ ಶೆಡ್ಡಿಗೆ ಹೋದೆವು. ಕೆತ್ತಿದ ಮರವನ್ನು ಮತ್ತೆ ಬೆಳೆಸಲಾಗುವುದಿಲ್ಲ. ಆದರೆ ಗುಂಡಿಯ ತಳಕ್ಕೆ ತೆಳುವಾದ ಚಕ್ಕೆಯೊಂದನ್ನು ಅಂಟಿಸಿ ಎತ್ತರ ಮಾಡಬಹುದು ಎಂದರು ಜಯಮ್ಮ. ಎಷ್ಟು ತೆಳು? ನನ್ನ ಪುಸ್ತಕದೊಳಗೆ ಗುರುತಿಗಿಟ್ಟಿದ್ದ ವಿಮಾನದ ಬೋರ್ಡಿಂಗ್ ಪಾಸನ್ನು ಕಿತ್ತುಕೊಂಡು, ಗುಂಡಿಯ ಅಳತೆಗೆ ಕತ್ತರಿಸಿ ಒಳಗಿಟ್ಟರು. ಒಂದು ಪದರ: ಟಕ್, ಕುದುರೆ ಬಿತ್ತು. ಎರಡು ಪದರ: ಬಿತ್ತು. ಮೂರು ಪದರ: ಕುದುರೆ ನಿಂತಿತು. ಟ್ರಿಗರನ್ನು ಬೆರಳಿಂದ ಅಲುಗಿಸಿದರೆ ಒಂದು ಕೂದಲಷ್ಟು ಸಡಿಲ. ಟ್ರಿಗರನ್ನು ಎಳೆದಾಗ ಮಾತ್ರ ಕುದುರೆ ಬಿತ್ತು. ಅಷ್ಟೇ ದಪ್ಪದ ಚಕ್ಕೆಯನ್ನು ಅದೇ ಜಾತಿಯ ಮರದಿಂದ ಹೆರೆದು ತೆಗೆಯಬೇಕಿತ್ತು. ಎಲ್ಲಿಯವರೆಗೆ ಎಂದು ಜಯಮ್ಮ ಮರದ ಮೇಲೆ ಮಸಿಯಿಂದ ಗೆರೆ ಎಳೆದರು.

"ಕೈ ಆಡುಸ್ಬೇಡ ಅನ್ನಿ. ಉಳಿನ ಎದೆಗೆ ಒತ್ಕಂಡು ಮೊಣಕೈ ಬೆಂಚಿಗೆ ಊರ್ಕೊ ಅನ್ನಿ. ಮರನ ಉಳಿ ತಾವ್ಕೆ ತರ್ಲಿ, ಉಳಿನ ಮರದ ತಾವ್ಕಲ್ಲ."

ಹೇಳಿದೆ. ವಾಲ್ಟರ್ ಹಾಗೇ ಮಾಡಿದರು. ಮೊಣಕೈ ಊರಿದ ಕೈ ನಡುಗುವುದು ನಿಲ್ಲಲಿಲ್ಲ, ಆದರೆ ನಡುಕ ಉಳಿಯ ತುದಿಗೆ ತಲುಪಲಿಲ್ಲ.

"ಅಂಗಲ್ಲ! ಕುರುಡ್ರಂಗೆ ತಡಕ್ತಾರಲ್ಲ, ಕಪ್ಪು ಕಾಣಲ್ವಾ?"

ನಾನು ಕಣ್ಣು ಮುಚ್ಚಿಕೊಂಡು, "ಕುರುಡರ ಹಾಗೆ ತಡಕುತ್ತಿದ್ದೀರಿ, ಕಪ್ಪು ಕಾಣುವುದಿಲ್ಲವೇ ಎನ್ನುತ್ತಾರೆ," ಎಂದೆ.

"ಕಾಣುತ್ತಿದೆ ಎಂದು ಹೇಳು," ಎಂದು ಗುಡುಗಿದರು ವಾಲ್ಟರ್. "ಅವರ ನೆರಳು ಅಡ್ಡ ಇದೆ, ಸರಿಯಲಿ ಎಂದೂ ಹೇಳು!"

ಅದನ್ನೂ ಹೇಳಿದೆ. ಜಯಮ್ಮ ಸರಿದು ನಿಂತು, "ಈಗ ದಾರಿಗೆ ಬಂದ್ರು," ಎಂದರು. ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದ ಡಾರತಿ, ಆ ಲೋಟವನ್ನು ಮೇಜಿನ ಮೇಲಿಡದೆ ಗಂಡನ ಕೈಗೇ ಕೊಟ್ಟರು. ಸ್ವಲ್ಪ ತುಳುಕಿತು. ಯಾರೂ ಅದನ್ನು ದೊಡ್ಡದು ಮಾಡಲಿಲ್ಲ.

ಸಂಜೆ ನಾಲ್ಕಕ್ಕೆ ಚಕ್ಕೆ ಅಂಟಿ ಒಣಗಿತು. ಮಸಿ, ಒತ್ತು, ಹೆರೆ. ಮಸಿ, ಒತ್ತು, ಹೆರೆ. ಎರಡನೇ ಸಲಕ್ಕೆ ವಾಲ್ಟರ್ ತಾವಾಗಿಯೇ ಉಳಿ ಕೆಳಗಿಟ್ಟು ಎರಡೂ ಕೈ ಮೇಲೆತ್ತಿದರು. ಕುದುರೆ ಎಳೆದರು. ನಿಂತಿತು.

ಶನಿವಾರ: ಬಯಲು

ಶುಕ್ರವಾರವಿಡೀ ಎಣ್ಣೆ ತೀಡುವುದರಲ್ಲಿ ಕಳೆಯಿತು. ಶನಿವಾರ ನದಿಯ ಪಕ್ಕದ ಬಯಲಿನಲ್ಲಿ ಅರವತ್ತು ಎಪ್ಪತ್ತು ಜನ, ಅರ್ಧ ಜನ ಮಡಚುವ ಕುರ್ಚಿಯಲ್ಲಿ. ನಮ್ಮಲ್ಲಿ ಚುನಾವಣೆ ಬಂತೆಂದರೆ ಲೈಸೆನ್ಸಿನ ಕೋವಿಗಳನ್ನೆಲ್ಲ ಪೊಲೀಸ್ ಠಾಣೆಗೆ ಒಪ್ಪಿಸಿ ರಸೀದಿ ತೆಗೆದುಕೊಳ್ಳುತ್ತಾರೆ. ಇಲ್ಲಿ ಮುದುಕಿಯರು ಕೋವಿಗೆ ಹೆಣೆದ ಉಣ್ಣೆಯ ಚೀಲ ತೊಡಿಸಿ, ಮಗುವನ್ನು ಎತ್ತಿಕೊಂಡ ಹಾಗೆ ತಂದಿದ್ದರು.

ವಾಲ್ಟರ್ ಸರದಿ ಬಂದಾಗ ಮೈಕು ಹಿಡಿದಿದ್ದ ಕ್ಲಬ್ಬಿನ ಯಜಮಾನ ನಿಯಮದಂತೆ ಕೇಳಿದ: "ಈ ಕೋವಿಯನ್ನು ಪೂರ್ತಿಯಾಗಿ ನಿನ್ನ ಕೈಯಾರೆ ಮಾಡಿದ್ದೀಯಾ?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ವಾಲ್ಟರ್, "ಒಬ್ಬನೇ ಅಲ್ಲ," ಎಂದುಬಿಟ್ಟರು. "ಮದ್ದಿನ ಊರಿನಿಂದ ಬಂದ ಒಬ್ಬ ಹೆಂಗಸು ನನಗೆ ಟ್ರಿಗರು ಕೂರಿಸಿಕೊಟ್ಟರು."

ಯಜಮಾನ ನಿಯಮದ ಹಾಳೆ ತೆಗೆದ. ಹಾಳೆಯ ಮೇಲೆ ಇನ್ನಿಬ್ಬರು ಬಗ್ಗಿದರು. ಡಾರತಿ ನನ್ನ ತೋಳು ಹಿಡಿದುಕೊಂಡರು. ಪಾನಕದ ಮೇಜು ಅಲ್ಲೇ, ಹತ್ತು ಹೆಜ್ಜೆ ದೂರದಲ್ಲಿತ್ತು.

"ಏನಂತೆ ಗಲಾಟೆ?" ಎಂದರು ಜಯಮ್ಮ. ಹೇಳಿದೆ. ಅವರು ಸೆರಗು ಸಿಕ್ಕಿಸಿಕೊಂಡು ನೇರ ಮೈಕಿನ ಹತ್ತಿರ ನಡೆದರು. ನಾನು ಹಿಂದೆ ಓಡಿದೆ.

"ನಾನು ಒಂದು ಚಕ್ಕೇನೂ ಎರ್ದಿಲ್ಲ. ಉಳಿ ಮುಟ್ಟಿಲ್ಲ. ಎಲ್ಲಾ ವಾಲ್ಟ್ರಣ್ಣನೇ ಮಾಡಿದ್ದು. ನಾನು ಪಕ್ದಲ್ಲಿ ನಿಂತ್ಕಂಡು ಬರೀ ಬಯ್ದೆ. ಬಯ್ಬಾರ್ದು ಅಂತ ಆ ಕಾಗ್ದದಲ್ಲಿ ಬರ್ದೈತಾ? ಬರ್ದಿದ್ರೆ ತೋರ್ಸಿ, ಇಲ್ದಿದ್ರೆ ಮುಚ್ಕಂಡು ಒಡೀಲಿ ಬುಡಿ!"

ಮೈಕು ನನ್ನ ಬಾಯಿಯ ಮುಂದೆ ಬಂತು. ನನ್ನ ಇಡೀ ಜೀವಮಾನದ ಸೌಜನ್ಯ ಗಂಟಲಿಗೆ ಬಂದು ನಿಂತಿತು. ಅದನ್ನು ನುಂಗಿಕೊಂಡು ಒಂದೂ ಪದ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ, ಮುಚ್ಚಿಕೊಂಡು ಎಂಬುದನ್ನೂ ಸೇರಿಸಿ.

ಯಜಮಾನ ಹಾಳೆಯನ್ನು ಮೇಲಿಂದ ಕೆಳಗೆ ಓದಿದ. ಹಿಂದೆ ತಿರುಗಿಸಿ ಅಲ್ಲೂ ನೋಡಿದ. ಆಮೇಲೆ ಗಂಭೀರವಾಗಿ ಘೋಷಿಸಿದ: "ಬಯ್ಯುವುದರ ವಿರುದ್ಧ ಕ್ಲಬ್ಬಿನಲ್ಲಿ ಯಾವ ನಿಯಮವೂ ಇಲ್ಲ."

ನಗು ತಣ್ಣಗಾಗುವಷ್ಟರಲ್ಲಿ ವಾಲ್ಟರ್ ಮದ್ದು ತುಂಬಿ, ಗುಂಡು ಗಿಡಿದು, ಕೇಪು ಇಟ್ಟು ನಿಂತಿದ್ದರು. ಮೊಣಕೈಯನ್ನು ಪಕ್ಕೆಗೆ ಊರಿಕೊಂಡರು. ನಳಿಗೆಯ ತುದಿ ಗಾಳಿಯಲ್ಲಿ ಸಣ್ಣ ಸೊನ್ನೆಗಳನ್ನು ಬರೆಯುತ್ತಿತ್ತು. ಸೊನ್ನೆ ಚಿಕ್ಕದಾಯಿತು, ಇನ್ನೂ ಚಿಕ್ಕದಾಯಿತು. ಢಂ! ಬಿಳಿ ಹೊಗೆ ಎದ್ದು ವಾಲ್ಟರ್ ಕಾಣದಾದರು. ಹೊಗೆ ಸರಿದಾಗ ಗುರಿಯ ಹಲಗೆಯ ಕೆಳಗಿನ ಎಡ ಮೂಲೆ ಹಾರಿಹೋಗಿತ್ತು. ನಡುವಿನ ಕೆಂಪು ಬೊಟ್ಟಿಗೆ ಒಂದು ಮೊಳ ದೂರ. ವಾಲ್ಟರ್ ಮುಖದಲ್ಲಿದ್ದ ಕಳೆಯನ್ನು ನೋಡಿದವರು ಅದೇ ಮೊದಲ ಬಹುಮಾನ ಎಂದುಕೊಳ್ಳುತ್ತಿದ್ದರು. ಡಾರತಿ ಓಡಿಹೋಗಿ ಅವರ ಮಸಿ ಹತ್ತಿದ ಕೆನ್ನೆಗೆ ಮುತ್ತಿಟ್ಟರು. ಜಯಮ್ಮ ಬೇರೆ ಕಡೆ ತಿರುಗಿ ನದಿ ನೋಡಿದರು.

ಮುಂದಿನದನ್ನು ನಾವು ನಿರೀಕ್ಷಿಸಿರಲಿಲ್ಲ. ಜನ ಒಬ್ಬೊಬ್ಬರಾಗಿ ತಮ್ಮ ಗಾಡಿಗಳ ಹತ್ತಿರ ಹೋಗಿ, ಹಿಂದಿನ ಬಾಗಿಲು ತೆಗೆದು, ಕಂಬಳಿಯಲ್ಲಿ ಸುತ್ತಿದ ಏನೇನೋ ತರತೊಡಗಿದರು. ಅರ್ಧ ಮಾಡಿದ ಕೋವಿಗಳು. ಪ್ರತಿ ವರ್ಷ ಬಯಲಿಗೆ ಬಂದು ಕಂಬಳಿ ಬಿಚ್ಚದೆಯೇ ಮನೆಗೆ ಹೋಗುತ್ತಿದ್ದವು, ಯಾವುದರಲ್ಲೋ ಕುದುರೆ ನಿಲ್ಲದ್ದು, ಯಾವುದರಲ್ಲೋ ಟ್ರಿಗರು ಎಟುಕದ್ದು. ಮದ್ದಿನ ಊರಿನ ಹೆಂಗಸಿಗೆ ಒಂದು ನಿಮಿಷ ಪುರುಸೊತ್ತು ಇದೆಯೇ ಎಂದು ಕೇಳಿದರು. ಪಾನಕದ ಮೇಜಿನ ಮುಂದೆ ಏಳು ಜನರ ಸಾಲು ನಿಂತಿತು.

ಜಯಮ್ಮ ಮಡಚುವ ಕುರ್ಚಿಯಲ್ಲಿ ಕೂತು, ಕಾಲು ಚಾಚಿ, ಕನ್ನಡಕ ಏರಿಸಿಕೊಂಡರು. "ಒಬ್ಬೊಬ್ರೇ ಬರ್ಲಿ ಅನ್ನಿ."

ಸಾಲಿನಲ್ಲಿ ಮೊದಲು ನಿಂತಿದ್ದವರು ಬಿಳಿ ಮೀಸೆಯ, ನೆಟ್ಟನೆಯ ಮನುಷ್ಯ. ಅವರು ಆ ಜಿಲ್ಲೆಯ ನಿವೃತ್ತ ನ್ಯಾಯಾಧೀಶರು, ಸ್ವಲ್ಪ ನೋಡಿ ಮಾತಾಡಿ ಎಂದು ಡಾರತಿ ನನ್ನ ಕಿವಿಯಲ್ಲಿ ಹೇಳಿದರು. ಜಯಮ್ಮ ಅವರ ಕೋವಿಯನ್ನು ತೊಡೆಯ ಮೇಲೆ ಮಗುಚಿ, ಟ್ರಿಗರಿನ ಗುಂಡಿಯನ್ನು ಹೆಬ್ಬೆರಳಿಂದ ಸವರಿ, ತಲೆಯೆತ್ತದೆ ಕೇಳಿದರು:

"ಇದನ್ನ ಯಾವ ಕತ್ತೆ ಕೆತ್ತಿದ್ದು?"

ನಾನು ನ್ಯಾಯಾಧೀಶರ ಕಣ್ಣಲ್ಲಿ ಕಣ್ಣಿಟ್ಟು, ಸ್ಪಷ್ಟವಾದ ಇಂಗ್ಲಿಷಿನಲ್ಲಿ, ಇದನ್ನು ಯಾವ ಕತ್ತೆ ಕೆತ್ತಿದ್ದು ಎಂದು ಕೇಳಿದೆ.

ಅವರು ಟೋಪಿ ತೆಗೆದು ಎದೆಗೊತ್ತಿಕೊಂಡು, "ನಾನೇ, ತಾಯಿ," ಎಂದರು.